ದಿನಬಾಡಿಗೆ ಮನೆಗೆ ಹಾಕಿದ ರೊಕ್ಕ ಹೊಳ್ಳಿ ಬರುತ್ತಾ? ಹುಬ್ಬಳ್ಳಿ-ಧಾರವಾಡದವರು ಹೇಳಿ

ಮಾಳಮಡ್ಡಿ ಮೇಲ್ಮನೆ

ಎಲ್ಲರಿಗೂ ನಮಸ್ಕಾರ್ರಿ. ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮನೆ. ಕೆಳಗೆ ನಾವಿದ್ದೇವೆ, ಮೇಲಿನ ಎರಡು ಬೆಡ್‌ರೂಮಿನ ಮನೆಯನ್ನು ದಿನಬಾಡಿಗೆಗೆ ಕೊಡುತ್ತೇವೆ. ಹೈಕೋರ್ಟ್ ಪೀಠಕ್ಕೆ ಕೇಸಿಗಾಗಿ ಬರುವವರು, ಮಕ್ಕಳನ್ನು ಕಾಲೇಜಿಗೆ ಬಿಡಲು ಬರುವ ತಂದೆ-ತಾಯಿ, ಲಗ್ನಕ್ಕೆ ಬರುವ ಬೀಗರು, ಇಷ್ಟೇ ನಮ್ಮ ಗಿರಾಕಿಗಳು. ರಾತ್ರಿಗೆ 1,800 ರೂಪಾಯಿ. ತಿಂಗಳಲ್ಲಿ ಹತ್ತು-ಹನ್ನೆರಡು ರಾತ್ರಿ ತುಂಬುತ್ತದೆ. ಆಷಾಢದಲ್ಲಿ ಅದೂ ಇಲ್ಲ.

ಈಗ ಒಬ್ಬ ಇಂಟೀರಿಯರ್ ಕಂಟ್ರಾಕ್ಟರ್ ಬಂದು ನೋಡಿ ಹೋಗಿದ್ದಾರೆ. ಫಾಲ್ಸ್ ಸೀಲಿಂಗ್, ಮಾಡ್ಯುಲರ್ ಕಿಚನ್, ಎರಡೂ ಖೋಲಿಗೆ ಎಸಿ, ದೊಡ್ಡ ಟಿವಿ, ಗೋಡೆಗೆ ವಾಲ್‌ಪೇಪರ್. ಒಟ್ಟು ನಾಲ್ಕೂವರೆ ಲಕ್ಷದ ಎಸ್ಟಿಮೇಟ್. ಇಷ್ಟು ಮಾಡಿಸಿದರೆ ದರ ಆರಾಮಾಗಿ ಏರಿಸಬಹುದು ಅನ್ನುತ್ತಾರೆ. ಯಜಮಾನರು ಮಾಡಿಸೋಣ ಅನ್ನುತ್ತಾರೆ. ಅತ್ತೆಯವರಿಗೆ ಅಷ್ಟು ಮನಸ್ಸಿಲ್ಲ. ಸಾಲ ತೆಗೆದೇ ಮಾಡಿಸಬೇಕು. ನಿಜವಾಗಿ ಮಾಡಿಸಿದವರು ಇದ್ದರೆ ಹೇಳಿ, ಈ ಊರಲ್ಲಿ ಹಾಕಿದ ರೊಕ್ಕ ಹೊಳ್ಳಿ ಬರುತ್ತಾ?

ಕೇಶ್ವಾಪುರ ಕಾಕಾ

ಅಕ್ಕಾರೇ, ಮೊದಲು ಒಂದು ಲೆಕ್ಕ ಹಾಕೋಣ. ಕಾಗದ-ಪೆನ್ನು ತೆಗೆದುಕೊಳ್ಳಿ.

ಎಲ್ಲ ಮಾಡಿಸಿದಿರಿ, ದರ 1,800ರಿಂದ 2,300ಕ್ಕೆ ಏರಿಸಿದಿರಿ ಅಂತ ಇಟ್ಟುಕೊಳ್ಳಿ. ರಾತ್ರಿಗೆ 500 ಜಾಸ್ತಿ. ಹನ್ನೆರಡು ರಾತ್ರಿಗೆ 6,000. ಅದರಲ್ಲಿ ಬುಕಿಂಗ್ ಆ್ಯಪ್‌ನ ಕಮಿಷನ್ 15 ಪರ್ಸೆಂಟ್ ಅಂದರೆ 900 ಹೋಯಿತು. ಎಸಿ ಓಡಿದರೆ ತಾಸಿಗೆ ಹತ್ತಿರಹತ್ತಿರ ಒಂದು ಯೂನಿಟ್. ರಾತ್ರಿ ಎಂಟು ತಾಸು, ಎರಡು ಎಸಿ, ಹನ್ನೆರಡು ರಾತ್ರಿ. ಯೂನಿಟ್ಟಿಗೆ 8 ರೂಪಾಯಿ ಹಿಡಿದರೂ ಸಾವಿರದೈನೂರು ದಾಟಿತು. ಕೈಗೆ ಉಳಿಯೋದು ಸುಮಾರು 3,600.

ಇನ್ನು ಸಾಲ. ನಾಲ್ಕೂವರೆ ಲಕ್ಷಕ್ಕೆ ವರ್ಷಕ್ಕೆ 10 ಪರ್ಸೆಂಟ್ ಬಡ್ಡಿ ಅಂದರೆ ತಿಂಗಳಿಗೆ 3,750. ಬಡ್ಡಿಗೇ ಸಾಲಲ್ಲ! ಅಸಲು ಯಾವಾಗ ತೀರಿಸ್ತೀರಿ? ಸಾಲ ಇಲ್ಲದೆ ಕೈಯಿಂದ ಹಾಕಿದರೂ ಹೊಳ್ಳಿ ಬರೋಕೆ ಹತ್ತು ವರ್ಷದ ಮೇಲೆ ಬೇಕು. ಅಷ್ಟರೊಳಗೆ ವಾಲ್‌ಪೇಪರ್ ಕಿತ್ತು ಬಂದಿರುತ್ತದೆ, ಎಸಿ ಹಳೆಯದಾಗಿರುತ್ತದೆ.

ಅದೇ ದರ ಏರಿಸದೆ ತಿಂಗಳಿಗೆ ನಾಲ್ಕು ರಾತ್ರಿ ಜಾಸ್ತಿ ತುಂಬಿಸಿ ನೋಡಿ. ಒಂದು ರಾತ್ರಿಗೆ 1,800. ಕಮಿಷನ್ 270 ಕಳೆಯಿರಿ, ಕ್ಲೀನಿಂಗ್ ಮತ್ತು ಲಾಂಡ್ರಿಗೆ 400 ಕಳೆಯಿರಿ. 1,130 ಉಳಿಯಿತು. ನಾಲ್ಕು ರಾತ್ರಿಗೆ 4,520. ನಾಲ್ಕೂವರೆ ಲಕ್ಷ ಸುರಿದು ಬರುವುದಕ್ಕಿಂತ ಇದೇ ಜಾಸ್ತಿ. ಹಾಗಾಗಿ ಕೇಳಬೇಕಾದದ್ದು ಮನೆ ಎಷ್ಟು ಚಂದ ಮಾಡಬೇಕು ಅಂತ ಅಲ್ಲ. ಖಾಲಿ ಉಳಿಯೋ ರಾತ್ರಿಗಳು ಯಾಕೆ ಖಾಲಿ ಉಳಿಯುತ್ತಿವೆ ಅಂತ.

ಗೋಕುಲ ರೋಡ್ ಫ್ಲಾಟ್

ಕಾಕಾ ಹೇಳಿದ ಲೆಕ್ಕ ಸರಿ. ಆದರೆ ಎಸಿ ವಿಷಯದಲ್ಲಿ ನಾನು ಒಪ್ಪಲ್ಲ. ನಮ್ಮ ಕಡೆ ಏರ್‌ಪೋರ್ಟ್ ಹತ್ತಿರ, ಇಂಡಸ್ಟ್ರಿಯಲ್ ಏರಿಯಾ ಹತ್ತಿರ. ಬರುವವರು ಕಂಪನಿ ಮಂದಿ. ಆ್ಯಪ್‌ನಲ್ಲಿ ಮನೆ ಹುಡುಕುವಾಗಲೇ ಎಸಿ ಅಂತ ಟಿಕ್ ಹಾಕುತ್ತಾರೆ. ನಿಮ್ಮಲ್ಲಿ ಎಸಿ ಇಲ್ಲ ಅಂದರೆ ನಿಮ್ಮ ಮನೆ ಅವರ ಕಣ್ಣಿಗೇ ಬೀಳಲ್ಲ. ಮಾರ್ಚ್ ಮಧ್ಯದಿಂದ ಮೇ ಕೊನೆವರೆಗೆ ಹುಬ್ಬಳ್ಳಿ ಬಿಸಿಲು ಗೊತ್ತಲ್ವಾ? ಆರ್‌ಸಿಸಿ ಮನೆ, ಅದೂ ಮೇಲಿನ ಮಹಡಿ. ರಾತ್ರಿ ಹತ್ತಕ್ಕೂ ಗೋಡೆ ಬಿಸಿ ಇರುತ್ತದೆ.

ನಾನು ಒಂದು ಖೋಲಿಗೆ ಮಾತ್ರ ಒಂದೂವರೆ ಟನ್ನಿನ ಇನ್ವರ್ಟರ್ ಎಸಿ ಹಾಕಿಸಿದೆ. ಇನ್ನೊಂದಕ್ಕೆ ಒಳ್ಳೆಯ ಫ್ಯಾನ್. ಬೇಸಿಗೆ ಬುಕಿಂಗ್‌ನಲ್ಲಿ ಫರಕು ಎದ್ದು ಕಂಡಿತು. ಎಸಿ ಇಲ್ಲಿ ಖಾಲಿ ರಾತ್ರಿ ತುಂಬಿಸೋ ಸಾಮಾನು. ಕಾಕಾ ಹೇಳಿದ ಎರಡನೇ ಲೆಕ್ಕಕ್ಕೆ ಸೇರುತ್ತದೆ, ಮೊದಲನೆಯದಕ್ಕಲ್ಲ.

ಫಾಲ್ಸ್ ಸೀಲಿಂಗ್ ನೋಡಿ ಯಾರೂ ಬುಕ್ ಮಾಡಿಲ್ಲ ಅನ್ನೋದನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಬಿಲ್ಡರ್ ಹಾಕಿಸಿಯೇ ಕೊಟ್ಟಿದ್ದರು. ಒಬ್ಬ ಗೆಸ್ಟ್ ಆದರೂ ಅದರ ಬಗ್ಗೆ ಒಂದು ಮಾತು ಬರೆದದ್ದಿಲ್ಲ.

ಕೇಶ್ವಾಪುರ ಕಾಕಾ

ಒಂದು ಖೋಲಿಗೆ ಎಸಿ ಅಂದರೆ ಒಪ್ಪಿದೆ ತಮ್ಮಾ. ಆದರೆ ಧಾರವಾಡ ಹುಬ್ಬಳ್ಳಿಗಿಂತ ತಂಪು. ಮಾಳಮಡ್ಡಿಯಲ್ಲಿ ಮರ ಇವೆ. ಅಲ್ಲಿ ಎರಡು ಎಸಿ ಬೇಕಾಗಲ್ಲ.

ನವನಗರ ಅವ್ವನ ಮನೆ

ನಾನು ಬೇರೆಯದೇ ಮಾತು ಹೇಳಬೇಕು. ನಮ್ಮ ಮನೆ ನವನಗರದಲ್ಲಿ, ಕ್ಯಾನ್ಸರ್ ಆಸ್ಪತ್ರೆಯಿಂದ ದೂರ ಇಲ್ಲ. ನಮ್ಮಲ್ಲಿಗೆ ಬರುವವರು ಪ್ರವಾಸಿಗಳಲ್ಲ. ರೇಡಿಯೇಷನ್‌ಗೆ ದಿನಾ ಹೋಗಬೇಕಾದ ಪೇಷಂಟ್, ಜೊತೆಗೆ ಹೆಂಡತಿ ಇಲ್ಲವೇ ಮಗ. ವಾರಗಟ್ಟಲೆ ಇರುತ್ತಾರೆ. ಕೊಪ್ಪಳ, ಬಾಗಲಕೋಟೆ, ಶಿರಸಿ ಕಡೆಯಿಂದ ಬರುತ್ತಾರೆ.

ಅವರಿಗೆ ಏನು ಬೇಕು ಅಂತ ನೋಡಿ ನಾನು ಖರ್ಚು ಮಾಡಿದ್ದು. ಭಾರತೀಯ ಸಂಡಾಸ್ ತೆಗೆಸಿ ಕಮೋಡ್ ಕೂರಿಸಿದೆ. ಅದರ ಪಕ್ಕ ಗೋಡೆಗೆ ಸ್ಟೀಲ್ ಹಿಡಿಕೆ. ಈ ಹಿಡಿಕೆ ಹಾಕಿಸುವಾಗ ಒಂದು ಮಾತು ನೆನಪಿಡಿ. ಪ್ಲಂಬರ್ ಸುಮ್ನೆ ಟೈಲ್ಸ್ ಮೇಲೆ ಸಣ್ಣ ಸ್ಕ್ರೂ ಹೊಡೆದು ಹೋಗುತ್ತಾರೆ. ದಣಿದ ಮನುಷ್ಯ ಪೂರ್ತಿ ಭಾರ ಹಾಕಿದರೆ ಕಿತ್ತು ಬರುತ್ತದೆ. ಟೈಲ್ಸ್ ದಾಟಿ ಇಟ್ಟಿಗೆಯೊಳಗೆ ಆ್ಯಂಕರ್ ಬೋಲ್ಟ್ ಇಳಿಯಬೇಕು. ಆಮೇಲೆ ನೀವೇ ಎರಡೂ ಕೈಯಿಂದ ಜಗ್ಗಿ ನೋಡಬೇಕು. ಸ್ನಾನಕ್ಕೆ ಕೂರಲು ಪ್ಲಾಸ್ಟಿಕ್ ಕುರ್ಚಿ, ಜಾರದ ಮ್ಯಾಟ್, ಹೊಸ್ತಿಲ ಹತ್ತಿರ ಸಣ್ಣ ಇಳಿಜಾರು. ಅಡಿಗೆಮನೆಯಲ್ಲಿ ಮಿಕ್ಸರ್, ಎರಡು ಅಳತೆಯ ಕುಕ್ಕರ್, ಗಂಜಿ ಬಸಿಯಲು ಪಾತ್ರೆ, ಫ್ರಿಜ್. ಫ್ರಿಜ್ ಬೇಕೇ ಬೇಕು, ಕೆಲವು ಔಷಧಿ ತಂಪಿನಲ್ಲೇ ಇಡಬೇಕಾಗುತ್ತದೆ.

ಇದಕ್ಕೆಲ್ಲ ನಿಮ್ಮ ಎಸ್ಟಿಮೇಟಿನ ಕಾಲು ಭಾಗವೂ ಆಗಲಿಲ್ಲ. ದರ ಏರಿಸಲಿಲ್ಲ, ಏರಿಸೋಕೆ ಮನಸ್ಸೂ ಬರಲ್ಲ. ವಾರದ ದರ ಅಂತ ಕಡಿಮೆಯನ್ನೇ ಇಟ್ಟಿದ್ದೇನೆ. ಆದರೆ ಮನೆ ಖಾಲಿ ಇರೋದು ಅಪರೂಪ. ಒಬ್ಬರು ಹೋಗುವಾಗ ಆಸ್ಪತ್ರೆಯಲ್ಲಿ ಪಕ್ಕದ ಬೆಡ್‌ನವರಿಗೆ ನಂಬರ್ ಕೊಟ್ಟು ಹೋಗುತ್ತಾರೆ. ಅವರಿಗೆ ಕಮಿಷನ್ ಇಲ್ಲ, ಫೋಟೋ ಬೇಕಿಲ್ಲ. ಅದಕ್ಕೆ ನನ್ನ ಮಾತು ಇಷ್ಟೇ, ನಿಮ್ಮ ಮನೆಗೆ ಯಾರು ಬರುತ್ತಾರೋ ಅವರ ಕಷ್ಟ ನೋಡಿ ರೊಕ್ಕ ಹಾಕಿ.

ಮಾಳಮಡ್ಡಿ ಮೇಲ್ಮನೆ

ಅಕ್ಕಾ, ನಿಮ್ಮ ಮಾತು ಓದಿ ತುಂಬಾ ಹೊತ್ತು ಯೋಚಿಸಿದೆ. ನಮ್ಮದು ಮೇಲಿನ ಮಹಡಿ, ಪೇಷಂಟ್‌ಗಳಿಗೆ ಮೆಟ್ಟಿಲು ಕಷ್ಟ. ಆದರೆ ಕೋರ್ಟಿಗೆ ಬರುವವರಲ್ಲಿ ವಯಸ್ಸಾದವರು ಜಾಸ್ತಿ. ಜಮೀನಿನ ಕೇಸು ಇರುತ್ತವಲ್ಲ. ಮೆಟ್ಟಿಲಿಗೆ ಎರಡೂ ಕಡೆ ಕಟಾಂಜನ ಇಲ್ಲ, ಒಂದೇ ಕಡೆ ಇದೆ. ಅದು ಈಗ ತಲೆಯಲ್ಲಿ ಕೂತಿದೆ.

ವೈರಿಂಗ್ ಧಾರವಾಡ

ನಾನು ಎಲೆಕ್ಟ್ರಿಕ್ ಕೆಲಸದವನು. ಇಂಥ ಮನೆಗಳಲ್ಲಿ ಕೆಲಸ ಮಾಡಿದ್ದೇನೆ. ಎಸ್ಟಿಮೇಟಿನಲ್ಲಿ ವೈರಿಂಗ್ ಬರೆದಿದ್ದಾರಾ ನೋಡಿ. ಬಹಳ ಸಲ ಬರೆದಿರಲ್ಲ, ಅರ್ಧ ಕೆಲಸ ಆದ ಮೇಲೆ ಹೇಳುತ್ತಾರೆ.

ಒಂದೂವರೆ ಟನ್ ಎಸಿಗೆ ಮೇನ್ ಬೋರ್ಡಿನಿಂದ ಬೇರೆ ಲೈನ್ ಬೇಕು. 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಅದಕ್ಕೆ ತನ್ನದೇ ಎಂಸಿಬಿ (ಲೋಡ್ ಜಾಸ್ತಿ ಆದರೆ ತಾನೇ ಬೀಳುವ ಸ್ವಿಚ್). ಮಾಳಮಡ್ಡಿಯ ಹಳೆ ಮನೆಗಳಲ್ಲಿ ಅರ್ಥಿಂಗ್ ಸರಿ ಇರಲ್ಲ, ಮೊದಲು ಅದನ್ನು ಚೆಕ್ ಮಾಡಿಸಿ. ಗೆಸ್ಟ್ ಬಚ್ಚಲಲ್ಲಿ ಒದ್ದೆ ಕೈಯಲ್ಲಿ ಗೀಸರ್ ಸ್ವಿಚ್ ಮುಟ್ಟುತ್ತಾರೆ. ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್, ಹಾಕಿಸದೆ ಯಾರಿಗೂ ಮನೆ ಬಾಡಿಗೆ ಕೊಡಬೇಡಿ ಅಂತ ಕೈಮುಗಿದು ಹೇಳುತ್ತೇನೆ. ಎರಡು ಎಸಿ, ಎರಡು ಗೀಸರ್ ಒಟ್ಟಿಗೆ ಓಡಿದರೆ ಏಳು ಕಿಲೋವ್ಯಾಟ್ ದಾಟುತ್ತದೆ. ನಿಮ್ಮ ಮೀಟರಿಗೆ ಮಂಜೂರಾದ ಲೋಡ್ ಎರಡೋ ಮೂರೋ ಇರಬಹುದು. ಹೆಸ್ಕಾಂಗೆ ಅರ್ಜಿ ಹಾಕಿ ಏರಿಸಬೇಕು. ಅದಕ್ಕೆ ಡಿಪಾಸಿಟ್, ಆಮೇಲೆ ತಿಂಗಳಾ ಫಿಕ್ಸೆಡ್ ಚಾರ್ಜ್ ಜಾಸ್ತಿ. ಇದೂ ಲೆಕ್ಕಕ್ಕೆ ಬರಬೇಕು.

ಗೀಸರ್ ಎಷ್ಟು ಲೀಟರಿನದು? ಇದು ಯಾಕೆ ಕೇಳಿದೆ ಅಂದರೆ, 25 ಲೀಟರ್, ಎರಡು ಕಿಲೋವ್ಯಾಟಿನ ಗೀಸರಿಗೆ ತಣ್ಣೀರು ಚೆನ್ನಾಗಿ ಕಾಯಲು ಹತ್ತಿರಹತ್ತಿರ ಅರ್ಧ ತಾಸು ಬೇಕು. ಲಗ್ನದ ಮುಂಜಾನೆ ಆರಕ್ಕೆ ಮುಹೂರ್ತ ಇದ್ದು ಎಂಟು ಮಂದಿ ಸ್ನಾನ ಮಾಡಬೇಕು ಅಂದರೆ ಏನಾಗುತ್ತದೆ ಯೋಚಿಸಿ. ಬೋರ್ ನೀರು ಬಳಸಿದರೆ ಗಡಸು ನೀರಿನ ಸುಣ್ಣ ಕಾಯಿಲ್ ಮೇಲೆ ಕಟ್ಟಿಕೊಂಡು ಇನ್ನೂ ತಡ ಆಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿ. ಬಿಸಿನೀರಿಗೆ ಸೋಲಾರ್ ಹಾಕಿಸಿ ಅಂತ ನಾನು ಹೇಳುವುದು ಇದಕ್ಕೇ. ನಮ್ಮ ಊರಲ್ಲಿ ಮಳೆಗಾಲ ಬಿಟ್ಟರೆ ಬಿಸಿಲಿಗೆ ಕೊರತೆ ಇಲ್ಲ.

ಉಣಕಲ್ ಮನೆ

ಸ್ನಾನದ ಮಾತು ಬಂತಲ್ಲ, ನೀರಿನ ಮಾತು ಯಾರೂ ಎತ್ತಿಲ್ಲ ನೋಡಿ. ನಮ್ಮ ಎರಡೂ ಊರಿಗೆ ಸವದತ್ತಿ ಕಡೆ ಮಲಪ್ರಭೆಯಿಂದ ನೀರು ಬರಬೇಕು. 24 ತಾಸು ನೀರು ಇರುವ ವಾರ್ಡ್‌ಗಳವರು ಪುಣ್ಯವಂತರು. ಉಳಿದವರು ದಿನ ಎಣಿಸಿ ತುಂಬಿಸಿಕೊಳ್ಳಬೇಕು. ಸಾವಿರ ಲೀಟರಿನ ಟಾಕಿ ಎಂಟು ಮಂದಿ ಬೀಗರು ಬಂದರೆ ಒಂದೇ ದಿನಕ್ಕೆ ಖಾಲಿ. ರಾತ್ರಿ ಟ್ಯಾಂಕರ್ ಸಿಗಲ್ಲ. ನಲ್ಲಿ ತಿರುಗಿಸಿದಾಗ ನೀರು ಬರಲಿಲ್ಲ ಅಂದರೆ ಆ ಗೆಸ್ಟ್ ಬರೆಯುವ ಒಂದು ರಿವ್ಯೂ ನಿಮ್ಮ ದೊಡ್ಡ ಟಿವಿಯನ್ನೂ ಮಾಡ್ಯುಲರ್ ಕಿಚನ್ನನ್ನೂ ನುಂಗಿ ನೀರು ಕುಡಿಯುತ್ತದೆ.

ಇನ್ನೊಂದು ಟಾಕಿ ಏರಿಸಿ. ಸಂಪು ಸೋರುತ್ತಿದ್ದರೆ ಸರಿ ಮಾಡಿಸಿ. ಕಿಟಕಿಗಳಿಗೆ ಸೊಳ್ಳೆ ಜಾಳಿಗೆ ಹಾಕಿಸಿ, ಮಳೆಗಾಲದಲ್ಲಿ ನಮ್ಮ ಸೊಳ್ಳೆಗಳು ಗೊತ್ತಲ್ವಾ. ಇಂಥವು ಫೋಟೋದಲ್ಲಿ ಕಾಣಲ್ಲ, ಆದರೆ ಹೋದವರನ್ನು ಮತ್ತೆ ಕರೆತರುತ್ತವೆ.

ಬೀಗರ ಮನೆ, ವಿದ್ಯಾನಗರ

ಲಗ್ನದ ಗಿರಾಕಿಗಳ ಬಗ್ಗೆ ನಾನು ಹೇಳಬಲ್ಲೆ. ನಮ್ಮ ಹತ್ತಿರ ಮಂಗಲ ಕಾರ್ಯಾಲಯಗಳು ಇವೆ. ತುಳಸಿ ಲಗ್ನ ಆದ ಮೇಲೆ ಫೋನ್ ಶುರು ಆಗುತ್ತದೆ. ಅವರು ಕೇಳುವ ಮೊದಲ ಪ್ರಶ್ನೆ ಒಂದೇ, ಎಷ್ಟು ಮಂದಿ ಮಲಗಬಹುದು? ಆರು ಅಂದರೆ ಒಂದು ದರ, ಹತ್ತು ಅಂದರೆ ಇನ್ನೊಂದು ದರ. ನಾಲ್ಕು ಒಳ್ಳೆಯ ಗಾದಿ, ಚಾದರ, ದಿಂಬು, ಕೌದಿ ಇಡಿ. ಕಪಾಟಿನಲ್ಲಿ ಇರುವ ನಾಲ್ಕು ಗಾದಿ ನಾಲ್ಕು ಮಂದಿಯ ಬಾಡಿಗೆ ತರುತ್ತವೆ. ಇಡೀ ಮನೆಯಲ್ಲಿ ಇಷ್ಟು ಬೇಗ ರೊಕ್ಕ ಹೊಳ್ಳಿ ಬರುವ ಖರ್ಚು ನಾನು ಬೇರೆ ಕಂಡಿಲ್ಲ.

ಬಿಳಿ ಸೋಫಾ, ಬಿಳಿ ಬೆಡ್‌ಶೀಟ್ ಅಂತ ಕಂಟ್ರಾಕ್ಟರ್ ಹೇಳಿದರೆ ಬೇಡ ಅನ್ನಿ. ಅರಿಷಿಣದ ಶಾಸ್ತ್ರ ಮುಗಿಸಿ ಬಂದ ಮಕ್ಕಳು ನೇರ ಸೋಫಾ ಮೇಲೆ ಹತ್ತುತ್ತಾರೆ. ಅರಿಷಿಣದ ಕಲೆಗೆ ಸೋಪು ತಾಗಿದರೆ ಕೆಂಪಾಗುತ್ತದೆ. ಅದೇ ಬಟ್ಟೆಯನ್ನು ಬಿಸಿಲಿಗೆ ಹಾಕಿದರೆ ಬಹಳಷ್ಟು ಹೋಗುತ್ತದೆ. ಬೆಡ್‌ಶೀಟ್ ಬಿಸಿಲಿಗೆ ಹಾಕಬಹುದು, ಸೋಫಾ ಹೇಗೆ ಹಾಕುತ್ತೀರಿ? ಇಳಕಲ್ ಸೀರೆಯ ಥರ ಗಾಢ ಬಣ್ಣದ ಕವರ್ ಹೊಲಿಸಿ, ತೆಗೆದು ಒಗೆಯುವಂತಿರಲಿ. ಒಂದು ಆಳೆತ್ತರದ ಕನ್ನಡಿ, ಅದರ ಮುಂದೆ ಒಳ್ಳೆಯ ಬೆಳಕು, ಇಸ್ತ್ರಿ ಪೆಟ್ಟಿಗೆ. ಹೆಣ್ಣುಮಕ್ಕಳು ಹತ್ತು ಸಲ ನೆನೆಯುತ್ತಾರೆ.

ಲಕ್ಕುಂಡಿ ದಾರಿ

ನಾನು ಗದಗಿನಿಂದ. ನಮ್ಮ ಕಡೆ ಲೆಕ್ಕ ಸ್ವಲ್ಪ ಬೇರೆ. ಇಲ್ಲಿಗೆ ಬರುವವರು ನೋಡಲಿಕ್ಕೇ ಬರುತ್ತಾರೆ. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿ, ಬ್ರಹ್ಮ ಜಿನಾಲಯ, ಮುಸುಕಿನ ಬಾವಿ, ಗದಗಿನ ತ್ರಿಕೂಟೇಶ್ವರ, ವೀರನಾರಾಯಣ. ಚಳಿಗಾಲದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತು ನೋಡಲು ಕ್ಯಾಮೆರಾದವರು ಬರುತ್ತಾರೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ ಅದು. 2024ರಲ್ಲಿ ಕೆರೆ ರಾಮ್ಸಾರ್ ಪಟ್ಟಿಗೂ ಸೇರಿದೆ.

ನಮ್ಮದು ಅಜ್ಜನ ಕಾಲದ ಮನೆ. ಸಾಗವಾನಿ ಕಂಬ, ತೊಲೆ, ಪಡಸಾಲೆಯಲ್ಲಿ ಕಲ್ಲಿನ ಹಾಸು. ನಮಗೂ ಒಬ್ಬರು ತೊಲೆ ಮುಚ್ಚಿ ಫಾಲ್ಸ್ ಸೀಲಿಂಗ್ ಮಾಡಿ, ಕಲ್ಲಿನ ಮೇಲೆ ಟೈಲ್ಸ್ ಹಾಕಿ ಅಂದರು. ನಾವು ಆ ರೊಕ್ಕವನ್ನು ಮಾಳಿಗೆಯ ಸೋರಿಕೆಗೆ, ತೊಲೆಗಳ ಗೆದ್ದಲಿಗೆ, ಹಿತ್ತಲಿನಲ್ಲಿ ಎರಡು ಹೊಸ ಬಚ್ಚಲಿಗೆ ಹಾಕಿದೆವು. ಆ ತೊಲೆ ನೋಡಿಯೇ ಬೆಂಗಳೂರು, ಪುಣೆಯವರು ಬುಕ್ ಮಾಡುತ್ತಾರೆ. ಕ್ಯಾಮೆರಾದವರು ನಸುಕಿನ ಐದಕ್ಕೆ ಹೊರಡುತ್ತಾರೆ. ಫ್ಲಾಸ್ಕಿನಲ್ಲಿ ಚಹಾ, ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಡುತ್ತೇವೆ. ದರ ಏರಿಸಿದ್ದು ಅದರ ಮೇಲೆ, ಯಾರೂ ಗೊಣಗಿಲ್ಲ.

ಅಕ್ಕಾ, ಮಾಳಮಡ್ಡಿ ಅಂದಿರಿ. ನಿಮ್ಮದು ಹಳೆ ಕಾಲದ ಮನೆ ಆಗಿದ್ದು, ಹಂಚು, ಕಟ್ಟಿ, ಅಂಗಳ ಏನಾದರೂ ಉಳಿದಿದ್ದರೆ ಅದನ್ನು ದಯವಿಟ್ಟು ಮುಚ್ಚಬೇಡಿ. ಒಮ್ಮೆ ಕಿತ್ತರೆ ಮತ್ತೆ ಸಿಗಲ್ಲ.

ಬ್ಯಾಡಗಿ ಪೇಟೆ

ಹಾವೇರಿ ಜಿಲ್ಲೆಯ ಅನುಭವ. ಮೆಣಸಿನಕಾಯಿ ಸೀಸನ್ನಿನಲ್ಲಿ ಹೊರ ರಾಜ್ಯದ ವ್ಯಾಪಾರಿಗಳು ಬಂದು ಇಳಿಯುತ್ತಾರೆ. ಅವರು ಕೇಳುವುದು ಗಾಡಿ ನಿಲ್ಲಿಸಲು ಜಾಗ, ಬಿಸಿನೀರು, ವೈಫೈ. ಇಷ್ಟೇ. ಸೀಸನ್ ಮುಗಿದರೆ ಬಂಗಾರದ ಮನೆ ಕಟ್ಟಿದರೂ ಯಾರೂ ಬರಲ್ಲ.

ಲೆಕ್ಕಪತ್ರ, ಹುಬ್ಬಳ್ಳಿ

ತೆರಿಗೆ ಕಡೆಯಿಂದ ಎರಡು-ಮೂರು ಮಾತು, ಯಾಕೆಂದರೆ ಇದೂ ಖರ್ಚಿಗೆ ಸೇರುತ್ತದೆ.

ರಾತ್ರಿಗೆ 7,500 ರೂಪಾಯಿವರೆಗಿನ ವಸತಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 12ರಿಂದ 5 ಪರ್ಸೆಂಟ್‌ಗೆ ಇಳಿದಿದೆ. ಗಿರಾಕಿಗೆ ಒಳ್ಳೆಯದು. ಆದರೆ ಇದರಲ್ಲಿ ಇನ್‌ಪುಟ್ ಕ್ರೆಡಿಟ್ ಇಲ್ಲ. ಅಂದರೆ ನೀವು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೂ ಎಸಿ, ಟೈಲ್ಸ್, ಫರ್ನಿಚರ್ ಮೇಲೆ ಕೊಟ್ಟ ಜಿಎಸ್‌ಟಿ ಹೊಳ್ಳಿ ಬರಲ್ಲ. ಎಸ್ಟಿಮೇಟ್ ಜಿಎಸ್‌ಟಿ ಸೇರಿಸಿಯೋ ಬಿಟ್ಟೋ ಅಂತ ಕಂಟ್ರಾಕ್ಟರನ್ನು ಕೇಳಿ. ಎಸಿ ಮೇಲಿನ ಜಿಎಸ್‌ಟಿ ಅದೇ ದಿನದಿಂದ 28ರಿಂದ 18ಕ್ಕೆ ಇಳಿದಿದೆ, ಹಳೆಯ ರೇಟ್ ಹಚ್ಚಿದ್ದಾರಾ ನೋಡಿ. ವರ್ಷದ ವಹಿವಾಟು 20 ಲಕ್ಷದೊಳಗಿದ್ದರೆ ಸಾಮಾನ್ಯವಾಗಿ ನಿಮಗೆ ನೋಂದಣಿ ಬೇಕಿಲ್ಲ, ಆ್ಯಪ್ ಮೂಲಕ ಬಂದ ಬುಕಿಂಗಿನ ಜಿಎಸ್‌ಟಿಯನ್ನು ಆ ಆ್ಯಪ್ ಕಂಪನಿಯೇ ಕಟ್ಟುತ್ತದೆ.

ಈ ಆದಾಯವನ್ನು ವ್ಯಾಪಾರದ ಆದಾಯ ಅಂತ ತೋರಿಸಿ ಲೆಕ್ಕದ ಪುಸ್ತಕ ಇಟ್ಟರೆ ಎಸಿಗೆ 15, ಫರ್ನಿಚರಿಗೆ 10 ಪರ್ಸೆಂಟ್ ಸವಕಳಿ (ಸಾಮಾನು ಸವೆಯುವುದಕ್ಕೆ ವರ್ಷವರ್ಷ ಆದಾಯದಲ್ಲಿ ಕಳೆಯುವ ಖರ್ಚು) ಸಿಗುತ್ತದೆ. ಬಿಲ್ ಇಲ್ಲದೆ ಕೆಲಸ ಮಾಡಿಸಿದರೆ ಅದೂ ಇಲ್ಲ. ಕಡಿಮೆಗೆ ಮಾಡಿಕೊಡುತ್ತೇನೆ, ಬಿಲ್ ಬೇಡ ಅನ್ನುವವರನ್ನು ನಂಬಬೇಡಿ. ಆರು ತಿಂಗಳಿಗೆ ಸೀಲಿಂಗ್ ಬಿದ್ದರೆ ಕೇಳಲು ಕೈಯಲ್ಲಿ ಕಾಗದ ಇರಲ್ಲ. ಇನ್ನು ವಿದೇಶಿ ಗೆಸ್ಟ್ ಬಂದರೆ 24 ತಾಸಿನೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು, ಮರೆಯಬೇಡಿ.

ಸಪ್ತಾಪುರ ಓಣಿ

ಎಲ್ಲರೂ ದಿನಬಾಡಿಗೆ ಹಿಡಿದೇ ಮಾತಾಡುತ್ತಿದ್ದೀರಿ. ಅದೇ ಮನೆಯನ್ನು ತಿಂಗಳ ಬಾಡಿಗೆಗೆ ಕೊಟ್ಟರೆ ಎಷ್ಟು ಬರುತ್ತದೆ ಅಂತ ಯಾರೂ ಕೇಳಿಲ್ಲ. ನಮ್ಮ ಸಪ್ತಾಪುರದಲ್ಲಿ ಕೋಚಿಂಗ್‌ಗೆ ಬಂದ ಹುಡುಗರು ಮನೆ ಸಿಗದೆ ಓಡಾಡುತ್ತಾರೆ. ಗೋಡೆಗೆ ಬಣ್ಣ, ನಾಲ್ಕು ಮಂಚ, ಓದಲು ಟೇಬಲ್, ಅಷ್ಟೇ ಖರ್ಚು. ದಿನಾ ಚಾದರ ಬದಲಿಸಬೇಕಿಲ್ಲ, ರಾತ್ರಿ ಹನ್ನೊಂದಕ್ಕೆ ಕೀಲಿ ಕೊಡಲು ಏಳಬೇಕಿಲ್ಲ. ತಿಂಗಳ ಬಾಡಿಗೆಯನ್ನು ಒಂದು ಕಡೆ ಬರೆದಿಡಿ. ದಿನಬಾಡಿಗೆಯಲ್ಲಿ ಅದಕ್ಕಿಂತ ಎಷ್ಟು ಜಾಸ್ತಿ ಉಳಿಯುತ್ತದೋ ಅಷ್ಟೇ ನಿಮ್ಮ ದುಡಿಮೆಯ ಬೆಲೆ. ನಾಲ್ಕೂವರೆ ಲಕ್ಷ ಹಾಕುವ ಮೊದಲು ಅದನ್ನು ನೋಡಿಕೊಳ್ಳಬೇಕು ಅಲ್ವಾ?

ನವನಗರ ಅವ್ವನ ಮನೆ

ಇದು ಖರೆ ಮಾತು. ಬಟ್ಟೆ ಒಗೆಯುವುದು, ನೆಲ ಒರೆಸುವುದು ಮನೆಯ ಹೆಣ್ಣುಮಕ್ಕಳೇ ಮಾಡಿದರೆ ಯಾರೂ ಅದಕ್ಕೆ ರೊಕ್ಕ ಬರೆಯಲ್ಲ. ಬರೆಯಬೇಕು. ಮೇಲಿನ ಲೆಕ್ಕದಲ್ಲಿ ಕಾಕಾ 400 ಹಿಡಿದಿದ್ದು ನನಗೆ ಖುಷಿ ಆಯಿತು.

ಮಾಳಮಡ್ಡಿ ಮೇಲ್ಮನೆ

ಎಲ್ಲರಿಗೂ ಶರಣು. ನಿನ್ನೆ ಮನೆಯವರೆಲ್ಲ ಕೂತು ಇದನ್ನು ಜೋರಾಗಿ ಓದಿದೆವು. ಯಜಮಾನರು ಹಳೆಯ ರಿವ್ಯೂಗಳನ್ನೆಲ್ಲ ತೆಗೆದರು. ಸಿಟ್ಟಿನಿಂದ ಬರೆದವು ಸ್ವಲ್ಪವೇ, ಆದರೆ ಎಲ್ಲದರಲ್ಲೂ ಮೂರೇ ಮಾತು. ಬಿಸಿನೀರು ಸಾಲಲಿಲ್ಲ, ಗಾದಿ ಗಟ್ಟಿ, ಮೇಲೆ ಸೆಕೆ. ಅಡಿಗೆಮನೆ ಹಳೆಯದು, ಟಿವಿ ಸಣ್ಣದು ಅಂತ ಒಬ್ಬರೂ ಬರೆದಿಲ್ಲ.

ಹಾಗಾಗಿ ಸಾಲ ತೆಗೆಯುವುದು ಬೇಡ ಅಂತ ಆಯಿತು. ಮೊದಲು ಅರ್ಥಿಂಗ್, ಆರ್‌ಸಿಸಿಬಿ. ಆಮೇಲೆ ಸೋಲಾರ್, ಇನ್ನೊಂದು ಟಾಕಿ, ಎಲ್ಲ ಗಾದಿ ಹೊಸದು, ಕಪಾಟಿಗೆ ನಾಲ್ಕು ಹೆಚ್ಚಿನವು, ಕಿಟಕಿಗೆ ಜಾಳಿಗೆ, ಮೆಟ್ಟಿಲಿಗೆ ಇನ್ನೊಂದು ಕಟಾಂಜನ. ಒಂದು ಖೋಲಿಗೆ ಎಸಿ, ಬೇಸಿಗೆಗೆ ಮೊದಲು. ಕೈಯಲ್ಲಿ ಇದ್ದದ್ದರಲ್ಲೇ ಹಂತಹಂತವಾಗಿ ಆಗುತ್ತದೆ. ದರ ಸದ್ಯಕ್ಕೆ ಅದೇ ಇರಲಿ, ಒಂದು ಲಗ್ನದ ಸೀಸನ್ ನೋಡೋಣ ಅಂತ ಅತ್ತೆಯವರು ಅಂದರು, ಎಲ್ಲರೂ ಹೂಂ ಅಂದೆವು.

ಒಂದೇ ಉಳಿದಿದೆ. ಅಡಿಗೆಮನೆಯ ಕಡಪಾ ಕಲ್ಲಿನ ಕಟ್ಟೆ ಗಟ್ಟಿ ಇದೆ, ಆದರೆ ಕೆಳಗೆ ಎಲ್ಲ ತೆರೆದಿದೆ, ಪಾತ್ರೆ ಕಾಣುತ್ತವೆ. ಕಡಿಮೆಯಲ್ಲಿ ಏನು ಮಾಡಬಹುದು?

ಬೀಗರ ಮನೆ, ವಿದ್ಯಾನಗರ

ಕಲ್ಲು ಕೀಳಬೇಡಿ ಅಕ್ಕಾ. ಕೆಳಗೆ ಸ್ಟೀಲ್ ಟ್ರಾಲಿ ಕೂರಿಸಿ, ಮುಂದೆ ಬಾಗಿಲು ಬಡಿಸಿ. ಪ್ಲೈವುಡ್ ಹಾಕಿಸುವುದಾದರೆ ನೀರು ತಡೆಯುವ ದರ್ಜೆಯದೇ ಕೇಳಿ, ಸಿಂಕ್ ಕೆಳಗೆ ಪ್ಲೈವುಡ್ ಬೇಡವೇ ಬೇಡ, ಅಲ್ಲಿ ತೆರೆದೇ ಇರಲಿ. ಅಳತೆ ತೆಗೆದು ಎರಡು ಕಡೆ ರೇಟ್ ಕೇಳಿ. ಟ್ರಾಲಿ ಕೂರಿಸುವ ಮೊದಲು ಗ್ಯಾಸ್ ಪೈಪ್ ಹೋಗುವ ಜಾಗ ಬಿಟ್ಟಿದ್ದಾರಾ ನೋಡಿಕೊಳ್ಳಿ.